ಮೆಕ್ಸಿಕೊದ ಸಂತೆಯಲ್ಲಿ ಚೌಕಾಸಿಗೆ ನಿಲ್ಲುವವರಿಗೆ

ರಜೆಗೆಂದು ಮೆಕ್ಸಿಕೊ ಕಡೆ ಹೊರಟಿರುವ ಕನ್ನಡಿಗರಿಗೆ,



ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಹೋಸೆ, ನ್ಯೂಜೆರ್ಸಿಗಳಲ್ಲಿ ನೆಲೆಸಿದ ನಿಮಗೆ ಮೆಕ್ಸಿಕೊ ಈಗ ಲಾಂಗ್ ವೀಕೆಂಡಿನಷ್ಟು ಹತ್ತಿರ. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಭಾರತೀಯರು ಮೆಕ್ಸಿಕೊಗೆಂದು ಬೇರೆ ವೀಸಾ ಮಾಡಿಸಬೇಕಿಲ್ಲ. ಹೀಗಾಗಿ ಮೊಮ್ಮಗುವನ್ನು ನೋಡಲು ಬೆಂಗಳೂರಿನಿಂದ ಬಂದ ಅಜ್ಜ-ಅಜ್ಜಿಯರೂ ಅದೇ ವೀಸಾದ ಮೇಲೆ ಕ್ಯಾನ್‌ಕೂನ್ ಸಮುದ್ರ, ಚಿಚೆನ್ ಇತ್ಸಾದ ಪಿರಮಿಡ್ ನೋಡಿಕೊಂಡು ಬರುತ್ತಾರೆ. ಬರುವಾಗ ಸೂಟ್‌ಕೇಸಿನಲ್ಲಿ ಬಣ್ಣದ ತಲೆಬುರುಡೆ ಒಂದು, ಅಗಲ ಅಂಚಿನ ಟೋಪಿ ಒಂದು, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟು ಅರ್ಧ ಡಜನ್, ಸೊಸೆಗೆ ಕಸೂತಿಯ ರವಿಕೆಯಂಥ ಮೇಲಂಗಿ. ಇವೆಲ್ಲದರ ಮೇಲೆ, ಯಾವ ಕಸ್ಟಮ್ಸಿನವರೂ ಹಿಡಿಯದ ಒಂದು ಕಥೆ: "ಅವಳು ಐನೂರು ಹೇಳಿದಳು, ಇನ್ನೂರಕ್ಕೆ ಇಳಿಸಿ ತಂದೆವು."

ಈ ಪತ್ರ ಆ ಕಥೆಯನ್ನು ಕುರಿತದ್ದು. ಚೌಕಾಸಿ ತಪ್ಪು ಎಂದು ಉಪದೇಶ ಮಾಡುವ ಉದ್ದೇಶ ಇದಕ್ಕಿಲ್ಲ, ಕೆ.ಆರ್. ಮಾರುಕಟ್ಟೆಯಲ್ಲಿ ಬೆಳೆದವರಿಗೆ ಆ ಉಪದೇಶ ಹಿಡಿಸುವುದೂ ಇಲ್ಲ. ತಕರಾರು ಬೇರೆ. ನಿಮ್ಮ ಚೌಕಾಸಿಯೆಲ್ಲ ಖರ್ಚಾಗುತ್ತಿರುವುದು ತಪ್ಪು ಜಾಗದಲ್ಲಿ, ತಪ್ಪು ಮನುಷ್ಯರ ಎದುರು.

ಯುಕಟಾನಿನ ಸಾಮಾನ್ಯ ಪ್ರವಾಸವನ್ನೇ ನೋಡಿ. ಬೆಳಿಗ್ಗೆ ಹೋಟೆಲಿನಿಂದ ಹೊರಟ ಬಸ್ಸು ಪಿರಮಿಡ್ಡಿಗೆ ಮುಂಚೆ ಹೆದ್ದಾರಿ ಬದಿಯ ಒಂದು ದೊಡ್ಡ ಮಳಿಗೆಗೆ ಹೋಗಿ ನಿಲ್ಲುತ್ತದೆ. ಒಳಗೆ ಏಸಿ, ಶುಚಿಯಾದ ಶೌಚಾಲಯ, ಕುಡಿಯಲು ಒಂದು ಗುಟುಕು ಟಕೀಲ. ಜ್ವಾಲಾಮುಖಿಯ ಕಪ್ಪು ಗಾಜುಗಲ್ಲಿನ ಮುಖವಾಡ, ನಿಮ್ಮ ಹೆಸರನ್ನು ಮಾಯಾ ಲಿಪಿಯಲ್ಲಿ ಕೆತ್ತಿಕೊಡುವ ಬೆಳ್ಳಿ ಪದಕ, ಮಾಯಾ ಕ್ಯಾಲೆಂಡರು, ಎಲ್ಲವೂ ಗಾಜಿನ ಕಪಾಟಿನಲ್ಲಿ, ದರದ ಚೀಟಿಯ ಜೊತೆ. ಅಲ್ಲಿ ಯಾರೂ ಚೌಕಾಸಿಗೆ ಇಳಿಯುವುದಿಲ್ಲ. ಕಾರ್ಡು ಉಜ್ಜಿ ಹೊರಬರುತ್ತಾರೆ. ಅಲ್ಲಿ ಮಾರಾಟವಾದ ಪ್ರತಿ ಪದಕಕ್ಕೂ ಬಸ್ಸು ತಂದವರಿಗೆ ಕಮಿಷನ್ ಸಲ್ಲುವುದು ಪ್ರವಾಸೋದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ.

ಒಂದು ಗಂಟೆ ಬಿಟ್ಟು ಅದೇ ಜನ ಚಿಚೆನ್ ಇತ್ಸಾದ ಒಳಗೆ ಮರದ ನೆರಳಿನಲ್ಲಿ ಬಟ್ಟೆ ಹಾಸಿ ಕುಳಿತವರ ಮುಂದೆ ನಿಂತಿರುತ್ತಾರೆ. ಜಾಗ್ವಾರಿನಂತೆ ಗುರುಗುಟ್ಟುವ ಸೀಟಿ ಊದುತ್ತಾ "ಒನ್ ಡಾಲರ್, ಆಲ್ಮೋಸ್ಟ್ ಫ್ರೀ" ಎಂದು ಕೂಗುವ ಈ ವ್ಯಾಪಾರಿಗಳಲ್ಲಿ ಬಹಳಷ್ಟು ಮಂದಿ ಪಕ್ಕದ ಪಿಸ್ತೆ ಮತ್ತು ಸುತ್ತಲಿನ ಹಳ್ಳಿಗಳವರು. ಮನೆಯಲ್ಲಿ ಇವತ್ತಿಗೂ ಮಾಯಾ ಭಾಷೆ ಮಾತನಾಡುವವರು. ಅವರೆದುರು ನಮ್ಮ ಬಳಗದ ಪೌರುಷ ಜಾಗೃತವಾಗುತ್ತದೆ. ಇಪ್ಪತ್ತು ಪೆಸೊಗಾಗಿ ಹತ್ತು ನಿಮಿಷ. ಇಪ್ಪತ್ತು ಪೆಸೊ ಎಂದರೆ ಹೆಚ್ಚೂಕಡಿಮೆ ಒಂದು ಡಾಲರು.

ಇನ್ನೊಂದು ಕಡೆಯ ಅನ್ಯಾಯವನ್ನೂ ಹೇಳಬೇಕು, ಇಲ್ಲದಿದ್ದರೆ ಪತ್ರ ಏಕಪಕ್ಷೀಯವಾಗುತ್ತದೆ. ನೆಲದ ಮೇಲೆ ಹಾಸಿದ್ದೆಲ್ಲ ಕೈಕೆಲಸವಲ್ಲ. ಪ್ಲಾಸ್ಟಿಕ್ ತಲೆಬುರುಡೆಗಳು ಪೆಟ್ಟಿಗೆಗಟ್ಟಲೆ ಬರುತ್ತವೆ, ಯಂತ್ರದ ಕಸೂತಿಯ ಮೇಲಂಗಿಗಳು ಚೀನಾದಿಂದ ಬರುತ್ತವೆ. ಚಿಯಾಪಾಸ್ ರಾಜ್ಯದ ಪೇಟೆಯಲ್ಲಿ ಗ್ವಾಟೆಮಾಲಾದ ಬಟ್ಟೆ ರಾಶಿ ಬಿದ್ದಿರುತ್ತದೆ. ಇನ್ನು ನಗು ಬರುವ ಸಂಗತಿ: ಮೆಕ್ಸಿಕೊದ ಪ್ರವಾಸಿ ಊರುಗಳಲ್ಲಿ ಭಾರತದ ಅಚ್ಚುಬಟ್ಟೆ, ಸಡಿಲ ಪೈಜಾಮ, ಊದುಬತ್ತಿ ಮಾರುವ "ರೋಪಾ ಇಂದು" ಅಂಗಡಿಗಳು ಬೇಕಾದಷ್ಟಿವೆ. ಜೈಪುರದ ಅಚ್ಚಿನ ಸ್ಕರ್ಟನ್ನು ಮೆಕ್ಸಿಕೊದ ನೆನಪಿಗೆಂದು ಡಾಲರು ಕೊಟ್ಟು ಕೊಂಡು ಟೆಕ್ಸಾಸಿಗೆ ಒಯ್ಯುವ ಸಾಧ್ಯತೆ ತಮಾಷೆಯದೇನಲ್ಲ.

ಹಾಗಾದರೆ ಸಂತೆಗೆ ಇಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು?" ಅಲ್ಲ. "ಕಿಯೆನ್ ಲೊ ಇಸೊ?" ಇದನ್ನು ಮಾಡಿದವರು ಯಾರು? ಮೂರು ಪದದ ಸ್ಪ್ಯಾನಿಶ್ ಸಾಕು. ಎದುರಿಗಿರುವ ಹೆಂಗಸಿಗೂ ಸ್ಪ್ಯಾನಿಶ್ ಎರಡನೆಯ ಭಾಷೆಯಾಗಿರುವ ಸಂಭವ ಬಹಳ. ಅವಳ ಮನೆಮಾತು ಸಪೊಟೆಕೋ ತ್ಸೊತ್ಸಿಲೋ ಇದ್ದೀತು. ನಿಮ್ಮ ತಪ್ಪು ಉಚ್ಚಾರಕ್ಕೆ ಅವಳೇನೂ ಬೇಸರ ಮಾಡಿಕೊಳ್ಳುವುದಿಲ್ಲ. ತಾನೇ ಮಾಡಿದ್ದಾದರೆ ಹೇಗೆ, ಯಾವುದರಿಂದ, ಎಷ್ಟು ದಿನ ಎಂದು ಕೈಯಲ್ಲೇ ತೋರಿಸುತ್ತಾಳೆ. ಬೇರೆಯವರಿಂದ ತಂದು ಮಾರುವವನಾದರೆ ಮಾತು ತಕ್ಷಣ ಬೆಲೆಯ ಕಡೆ ಹೊರಳುತ್ತದೆ. ಅವನೊಡನೆ ಮನಸ್ಸಿಗೆ ಬಂದಷ್ಟು ಚೌಕಾಸಿ ಮಾಡಿ. ಅವನು ಅದಕ್ಕೆಂದೇ ಅಂಚು ಇಟ್ಟುಕೊಂಡಿರುತ್ತಾನೆ, ಅದು ಅವನ ವ್ಯಾಪಾರ.

ಮಾಡಿದವರ ಎದುರು ಕುಳಿತಾಗ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದಕ್ಕೆ ವಹಾಕಾ ರಾಜ್ಯದ ತೆಯೊತಿತ್ಲಾನ್ ದೆಲ್ ವಾಯೆ ಎಂಬ ಊರನ್ನು ನೋಡಬೇಕು. ವಹಾಕಾ ಪಟ್ಟಣದಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಸಪೊಟೆಕ್ ಜನರ ಊರು. ಉಣ್ಣೆಯ ಜಮಖಾನೆ ಇಲ್ಲಿನ ಕಸುಬು. ನಿಂತು ನೇಯುವ ಕಾಲ್ಮಗ್ಗ ಸ್ಪ್ಯಾನಿಶರೊಂದಿಗೆ ಬಂತು, ಕುರಿಯೂ ಅವರೊಂದಿಗೇ ಬಂತು. ಅದಕ್ಕೂ ಮೊದಲಿನಿಂದ ಇಲ್ಲಿದ್ದದ್ದು ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗ ಮತ್ತು ಹತ್ತಿ. ಹತ್ತಿರದ ಮಿತ್ಲಾದ ಹಳೆಯ ಕಲ್ಲುಗೋಡೆಗಳ ಮೇಲಿನ ಮೆಟ್ಟಿಲು ಮೆಟ್ಟಿಲಾದ ಚಿತ್ತಾರಗಳು ಇಂದಿಗೂ ಇಲ್ಲಿನ ಜಮಖಾನೆಗಳ ಮೇಲೆ ಇಳಿಯುತ್ತವೆ.

ಬಣ್ಣದ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿನ ಕೆಂಪು ಹುಳುವಿನಿಂದ ಬರುತ್ತದೆ. ಪಾಪಾಸುಕಳ್ಳಿಯ ಎಲೆಗೆ ಬಿಳಿ ಬೂಷ್ಟಿನಂತೆ ಅಂಟಿಕೊಂಡು ಬದುಕುವ ಕೊಚಿನೀಲ್ ಹುಳುವಿನ ಹೆಣ್ಣನ್ನು ಒಣಗಿಸಿ ಅರೆದರೆ ಕಡುಗೆಂಪು. ಒಂದು ಪೌಂಡು ಬಣ್ಣಕ್ಕೆ ಸುಮಾರು 70,000 ಹುಳು ಬೇಕು ಎನ್ನುತ್ತಾರೆ. ವಸಾಹತು ಕಾಲದಲ್ಲಿ ಮೆಕ್ಸಿಕೊದಿಂದ ಯುರೋಪಿಗೆ ಹೋಗುತ್ತಿದ್ದ ಸರಕುಗಳಲ್ಲಿ ಬೆಳ್ಳಿಯ ನಂತರದ ಸ್ಥಾನ ಈ ಹುಳುವಿನದು. ಸ್ಪೇನಿನ ಈ ಏಕಸ್ವಾಮ್ಯ ಮುರಿಯಲು ಈಸ್ಟ್ ಇಂಡಿಯಾ ಕಂಪನಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ಕಳ್ಳಿಯ ತೋಟವನ್ನೇ ಮಾಡಿ ನೋಡಿತು. ಕೈಗೆ ಸಿಕ್ಕಿದ ಹುಳು ಕೀಳು ಜಾತಿಯದು, ಪ್ರಯತ್ನ ನೆಲ ಕಚ್ಚಿತು. ಹುಳು ಕೊಂದ ಬಣ್ಣವೇ ಎಂದು ಮುಖ ಸಿಂಡರಿಸುವವರಿಗೆ ಒಂದು ಮಾತು: ಮದುವೆಮನೆಗೆ ಮೈಸೂರು ರೇಷ್ಮೆ ಉಟ್ಟು ಹೋಗುವವರು ಈ ವಿಷಯದಲ್ಲಿ ತಕರಾರು ತೆಗೆಯುವಂತಿಲ್ಲ.

ತೆಯೊತಿತ್ಲಾನಿನ ಮನೆಗಳಲ್ಲಿ ಒಣಹುಳುವೊಂದನ್ನು ಅಂಗೈಯಲ್ಲಿಟ್ಟು ಉಜ್ಜಿ ತೋರಿಸುತ್ತಾರೆ. ಅಂಗೈ ಕಡುಗೆಂಪಾಗುತ್ತದೆ. ನಿಂಬೆಹುಳಿ ಹಿಂಡಿದರೆ ಕಿತ್ತಳೆಗೆ ತಿರುಗುತ್ತದೆ, ಅಡುಗೆ ಸೋಡಾ ಬಿದ್ದರೆ ನೇರಳೆ. ನೀಲಿಗೆ ನೀಲಿಗಿಡ, ಹಳದಿಗೆ ಚೆಂಡುಹೂವಿನ ಸೋದರಸಂಬಂಧಿಯಾದ ಕಾಡುಹೂವು. ನೋಡಿದವರು ಮಂತ್ರಮುಗ್ಧರಾಗುತ್ತಾರೆ. ಆದರೆ ಎಚ್ಚರ ಬೇಕಾದದ್ದೂ ಇಲ್ಲಿಯೇ. ಅಂಗೈಯ ಪ್ರದರ್ಶನ ಅಂಗೈಯನ್ನು ಮಾತ್ರ ಸಾಬೀತು ಮಾಡುತ್ತದೆ. ಗೋಡೆಗೆ ತೂಗಿದ ಜಮಖಾನೆಗೆ ಬಿದ್ದಿರುವುದು ಪುಡಿ ಬಣ್ಣವೇ ಇರಬಹುದು. ಪುಡಿ ಬಣ್ಣ ಪಾಪವಲ್ಲ. ಹುಳುವಿನ ಬೆಲೆ ತೆಗೆದುಕೊಂಡು ಪುಡಿಯದನ್ನು ಕೊಡುವುದು ಮೋಸ. ಆದ್ದರಿಂದ "ಈ ಒಂದು ಜಮಖಾನೆಯಲ್ಲಿ ಯಾವ ಬಣ್ಣ ಯಾವುದರಿಂದ?" ಎಂದು ಬೆರಳಿಟ್ಟು ಕೇಳಿ. ಪ್ರಾಮಾಣಿಕ ನೇಕಾರ "ಇದು ಹುಳು, ಇದು ನೀಲಿಗಿಡ, ಆ ಹಸಿರು ಮಾತ್ರ ಪುಡಿ" ಎಂದು ಬಿಡಿಸಿ ಹೇಳುತ್ತಾನೆ, ಹಾಗೇ ಬೆಲೆಯನ್ನೂ ಬೇರೆ ಬೇರೆ ಇಟ್ಟಿರುತ್ತಾನೆ.

ಉಣ್ಣೆ ತೊಳೆಯಬೇಕು, ಹಿಂಜಬೇಕು, ನೂಲಬೇಕು, ಬಣ್ಣದ ಹಂಡೆಗೆ ಅದ್ದಬೇಕು, ಹಾಸು ಕಟ್ಟಬೇಕು. ಇಷ್ಟಾದ ಮೇಲೆ ನೇಯ್ಗೆ. ಚಿತ್ತಾರ ಸೂಕ್ಷ್ಮವಾದಷ್ಟೂ ದಿನಗಳು ವಾರಗಳಾಗುತ್ತವೆ, ವಾರಗಳು ತಿಂಗಳುಗಳಾಗುತ್ತವೆ. ಇಂಥ ಜಮಖಾನೆಯ ಬೆಲೆಯಿಂದ ಮುನ್ನೂರು ಪೆಸೊ ಇಳಿಸಿದಿರಿ ಎಂದರೆ ಇಳಿದದ್ದು ಲಾಭವಲ್ಲ, ಕೂಲಿ.

ಈ ಊರಿನ ಇನ್ನೊಂದು ಗುಟ್ಟು ಪ್ರವಾಸಿಗೆ ಕಾಣುವುದಿಲ್ಲ. ಬಸ್ಸುಗಳು ನಿಲ್ಲುವುದು ಊರಿಗೆ ಬರುವ ರಸ್ತೆಯ ಇಕ್ಕೆಲದ ದೊಡ್ಡ ಮನೆಗಳ ಮುಂದೆ. ಅವುಗಳ ಮಾಲೀಕರೂ ನೇಕಾರ ಕುಲದವರೇ, ಆದರೆ ಕೆಲವರು ಈಗ ಹಿಂದಿನ ಓಣಿಗಳವರಿಂದ ನೇಯಿಸಿ ಮಾರುವ ವ್ಯಾಪಾರಸ್ಥರು. ಗೈಡಿಗೆ ಪಾಲು ಹೋಗುತ್ತದೆ, ಮಾಲೀಕನಿಗೆ ಪಾಲು ಹೋಗುತ್ತದೆ, ಉಳಿದದ್ದು ಓಣಿಗೆ. ಬಸ್ಸು ಬಿಟ್ಟು ಶೇರ್ ಟ್ಯಾಕ್ಸಿಯಲ್ಲಿ ಬಂದು, ಚರ್ಚಿನ ಪಕ್ಕದ ಪುಟ್ಟ ಕರಕುಶಲ ಸಂತೆಯವರೆಗೆ ನಡೆದು ಹೋದರೆ ಅಷ್ಟೇ ದುಡ್ಡು ನೇರ ಮಗ್ಗಕ್ಕೆ ಮುಟ್ಟುತ್ತದೆ. ಭಾರತೀಯರಾದ ನಮಗೆ ಇಲ್ಲಿ ಸ್ವಲ್ಪ ತಲೆ ತಗ್ಗಿಸುವ ಕಾರಣವೂ ಇದೆ. ಸಪೊಟೆಕ್ ಚಿತ್ತಾರವನ್ನು ಹಾಗೆಯೇ ಎತ್ತಿಕೊಂಡು ಭಾರತದಲ್ಲಿ ಅಗ್ಗದ ಕೂಲಿಗೆ ನೇಯಿಸಿದ ಜಮಖಾನೆಗಳು ಹಲವು ದಶಕಗಳಿಂದ ಅಮೆರಿಕದ ಅಂಗಡಿಗಳಲ್ಲಿ ತೆಯೊತಿತ್ಲಾನಿಗೆ ಪೈಪೋಟಿ ಕೊಟ್ಟಿವೆ. ನವಲಗುಂದದ ಜಮಖಾನೆಯ ನವಿಲು, ಚೌಕಗಳನ್ನು ಯಾರಾದರೂ ದೂರ ದೇಶದಲ್ಲಿ ಯಂತ್ರಕ್ಕೆ ಹಾಕಿದರೆ ನಮಗೆ ಹೇಗಾದೀತೋ ಅಲ್ಲಿನವರಿಗೂ ಹಾಗೇ.

ಕಪ್ಪು ಮಡಕೆಯ ಊರು ಸಾನ್ ಬಾರ್ತೊಲೊ ಕೊಯೊತೆಪೆಕ್ ಕೂಡ ವಹಾಕಾದ ಸುತ್ತಿನಲ್ಲೇ ಇದೆ. ಅಲ್ಲಿ ನಮ್ಮ ತಿಗರಿ ಇಲ್ಲ. ಬೋರಲು ಹಾಕಿದ ಒಂದು ತಟ್ಟೆಯ ಮೇಲೆ ಇನ್ನೊಂದನ್ನು ಕೂರಿಸಿ, ಅದನ್ನೇ ಕೈಯಲ್ಲಿ ತಿರುಗಿಸುತ್ತ ಮಡಕೆ ಎತ್ತುತ್ತಾರೆ. ಮೊದಲು ಇಲ್ಲಿನ ಮಡಕೆಗಳು ಬೂದು ಬಣ್ಣದ, ಹೊಳಪಿಲ್ಲದ, ಗಟ್ಟಿ ಪಾತ್ರೆಗಳು. ನೀರಿಗೆ, ಮೆಸ್ಕಾಲ್ ಎಂಬ ಮದ್ಯಕ್ಕೆ ಬಳಕೆಯಾಗುತ್ತಿದ್ದವು. 1950ರ ದಶಕದಲ್ಲಿ ದೋನ್ಯಾ ರೋಸಾ ಎಂದೇ ಹೆಸರಾದ ಕುಂಬಾರಗಿತ್ತಿ ರೋಸಾ ರೆಯಾಲ್, ಹಸಿ ಮಡಕೆ ಪೂರ್ತಿ ಒಣಗುವ ಮುನ್ನ ಅದನ್ನು ಬೆಣಚುಕಲ್ಲಿನಿಂದ ಉಜ್ಜಿ ಕಡಿಮೆ ಕಾವಿನಲ್ಲಿ ಸುಟ್ಟರೆ ಕನ್ನಡಿಯಂಥ ಕಪ್ಪು ಬರುತ್ತದೆ ಎಂದು ಕಂಡುಕೊಂಡಳು. ಆವಿಗೆಯ ಬಾಯಿ ಮುಚ್ಚಿ ಗಾಳಿಯಾಡದಂತೆ ಮಾಡಿದಾಗ ಮಣ್ಣು ಕಪ್ಪಾಗುತ್ತದೆ. ಊರಿನ ಆರ್ಥಿಕತೆಯೇ ಆ ಹೊಳಪಿನಿಂದ ತಿರುಗಿತು. ಆದರೆ ಹೊಳಪು ಬಂದದ್ದು ಗಟ್ಟಿತನ ಕಳೆದುಕೊಂಡು: ಆ ಕಪ್ಪು ಹೂಜಿ ನೀರು ಹಿಡಿಯುವುದಿಲ್ಲ, ಜಿನುಗುತ್ತದೆ. ಮನೆಗೆ ತಂದು ನೀರು ತುಂಬಿಸಿ "ಮೋಸ ಹೋದೆವು" ಎನ್ನುವವರು ಮೋಸ ಹೋಗಿರುವುದಿಲ್ಲ, ಕೇಳಿರುವುದಿಲ್ಲ, ಅಷ್ಟೆ.

ಮರದ ಬಣ್ಣಬಣ್ಣದ ವಿಚಿತ್ರ ಪ್ರಾಣಿಗಳು, ಅಲೆಬ್ರಿಹೆಗಳು, 2017ರ 'ಕೊಕೊ' ಸಿನಿಮಾದ ನಂತರ ನಮ್ಮ ಮಕ್ಕಳಿಗೂ ಪರಿಚಿತ. ಇವು ಪುರಾತನ ಕಾಲದವೆಂದು ಗೈಡು ಹೇಳಿದರೆ ನಂಬಬೇಡಿ. ಮೆಕ್ಸಿಕೊ ನಗರದ ಕಾಗದದ ಗೊಂಬೆ ಕಲಾವಿದ ಪೆದ್ರೊ ಲಿನಾರೆಸ್ 1936ರಲ್ಲಿ ಜ್ವರದಲ್ಲಿ ಕಂಡ ಕನಸಿನ ಪ್ರಾಣಿಗಳು ಇವು ಎಂಬುದು ಪ್ರಸಿದ್ಧ ಕಥೆ. ವಹಾಕಾದ ಅರ್ರಸೋಲಾ ಊರಿನ ಮಾನುವೆಲ್ ಹಿಮೆನೆಸ್ ಮತ್ತು ಸಾನ್ ಮಾರ್ತಿನ್ ತಿಲ್ಕಹೇತೆಯ ಕುಟುಂಬಗಳು ಅದನ್ನು ಕೊಪಾಲ್ ಮರಕ್ಕೆ ತಂದವು. ಹಸಿ ಮರವನ್ನು ಮಚ್ಚಿನಲ್ಲಿ ಒಡೆದು, ಚಾಕುವಿನಲ್ಲಿ ಕೆತ್ತಿ, ತಿಂಗಳುಗಟ್ಟಲೆ ಒಣಗಿಸಿ, ಬಿರುಕಿಗೆ ಮೆತ್ತಿ, ಆಮೇಲೆ ಬಣ್ಣ. ಕೆತ್ತಿದವರು ಒಬ್ಬರು, ಚುಕ್ಕಿ ಇಟ್ಟವರು ಇನ್ನೊಬ್ಬರು; ಬಹಳ ಮನೆಗಳಲ್ಲಿ ಚುಕ್ಕಿ ಹೆಂಗಸರದು, ತಳದಲ್ಲಿ ಸಹಿ ಮಾತ್ರ ಗಂಡಸಿನದು. ಕೇಳಿದರೆ ಇಬ್ಬರ ಹೆಸರನ್ನೂ ಬರೆದುಕೊಡುತ್ತಾರೆ.

ಒಲಿನಲಾ ಎಂಬ ಊರಿನ ಪೆಟ್ಟಿಗೆಗಳ ವಿಷಯದಲ್ಲಿ ಮಾತ್ರ ಬೆಂಗಳೂರಿನ ನಂಟು ಪತ್ರದೊಳಗೆ ತಾನಾಗಿ ಬಂದು ಕೂರುತ್ತದೆ. ಗೆರ್ರೆರೊ ರಾಜ್ಯದ ಬೆಟ್ಟದ ಊರು ಅದು. ಚಿಯಾ ಬೀಜದ ಎಣ್ಣೆಗೆ ಬಣ್ಣದ ಮಣ್ಣು ಕಲಸಿ ಪದರ ಪದರವಾಗಿ ಬಳಿದು, ಮೇಲಿನ ಪದರವನ್ನು ಮುಳ್ಳಿನಿಂದ ಗೀರಿ ಹೂಬಳ್ಳಿ ಮೂಡಿಸುತ್ತಾರೆ. ಮುಚ್ಚಳ ತೆಗೆದರೆ ಒಳಗಿಂದ ಘಮ್ಮೆನ್ನುವ ಪರಿಮಳ ಲಿನಲೋಯೆ ಮರದ್ದು. ಅದೇ ಮರವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೆಕ್ಸಿಕೊದಿಂದ ತಂದು ಬೆಂಗಳೂರಿನ ಸುತ್ತ ನೆಟ್ಟರು. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಮತ್ತು ದೇವಿಕಾ ರಾಣಿ ದಂಪತಿ ಬೆಳೆಸುತ್ತಿದ್ದದ್ದು ಈ ಮರವನ್ನೇ; ಎಣ್ಣೆ ಸುಗಂಧದ ಉದ್ಯಮಕ್ಕೆ ಹೋಗುತ್ತಿತ್ತು. ಮೆಕ್ಸಿಕೊದಲ್ಲಿ ಮರ ವಿರಳವಾದಂತೆ, ಪೈನ್ ಮರದ ಪೆಟ್ಟಿಗೆಗೆ ಲಿನಲೋಯೆ ಎಣ್ಣೆ ಸವರಿ ಮಾರುವುದು ಶುರುವಾಗಿದೆ. ಮೂಗೊಂದನ್ನೇ ನಂಬಬೇಡಿ; ಒಳಮೈಯ ಮರದ ನಾರು ನೋಡಿ, ಯಾವ ಮರವೆಂದು ಕೇಳಿ.

ಒಲಿನಲಾದ ಕೆಲಸಕ್ಕೆ 1994ರಿಂದ ಕಾನೂನಿನ ಮೂಲಸ್ಥಾನ ಮುದ್ರೆಯಿದೆ, ಚನ್ನಪಟ್ಟಣದ ಗೊಂಬೆಗೆ ಜಿಐ ಇರುವ ಹಾಗೆ. ಪ್ವೇಬ್ಲಾದ ತಲವೇರಾ ಪಿಂಗಾಣಿಗೂ ಇದೆ. 2019ರಲ್ಲಿ ಅದು ಸ್ಪೇನಿನ ತಲವೇರಾದ ಜೊತೆ ಯುನೆಸ್ಕೊ ಪಟ್ಟಿಗೂ ಸೇರಿತು. ನಿಜವಾದ ತಲವೇರಾದ ಬಿಳುಪು ಹಾಲಿನ ಕೆನೆಯ ಬಿಳುಪು, ಬಣ್ಣ ಬೆರಳಿಗೆ ತುಸು ಉಬ್ಬಾಗಿ ತಾಗುತ್ತದೆ, ತಳದಲ್ಲಿ ಕಾರ್ಯಾಗಾರದ ಕೈಬರಹದ ಗುರುತು ಇರುತ್ತದೆ. ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುವುದು ಚೆಂದದ ಮಣ್ಣಿನ ತಟ್ಟೆ, ತಲವೇರಾ ಅಲ್ಲ. ತಟ್ಟೆ ಹಿಡಿಸಿದರೆ ತಟ್ಟೆಯ ಬೆಲೆಗೆ ಕೊಳ್ಳಿ.

ಬೆಳ್ಳಿಗೆ ತಾಸ್ಕೊ. ಅಮೆರಿಕದ ವಿಲಿಯಂ ಸ್ಪ್ರಾಟ್ಲಿಂಗ್ 1929ರಲ್ಲಿ ಅಲ್ಲಿಗೆ ಬಂದು, 1931ರಲ್ಲಿ ಕಾರ್ಯಾಗಾರ ತೆರೆದ ಮೇಲೆ ಬೆಳೆದ ಕಸುಬು ಅದು. ಶನಿವಾರದ ಬೆಳ್ಳಿಸಂತೆಯಲ್ಲಿ 925ರ ಮುದ್ರೆ ಹುಡುಕಿ. "ಅಲ್ಪಾಕಾ" ಎಂದರೆ ತಾಮ್ರ-ನಿಕಲ್-ಸತುವಿನ ಮಿಶ್ರಣ, ಅದರಲ್ಲಿ ಬೆಳ್ಳಿ ಇಲ್ಲ. ಚಿಯಾಪಾಸಿನಲ್ಲಿ ಅಂಬರ್, ಸುಮಾರು ಎರಡು ಕೋಟಿ ವರ್ಷದ ಹಿಂದಿನ ಮರದ ಅಂಟು ಗಟ್ಟಿಯಾದದ್ದು, ಸಿಮೊಹೊವೆಲ್ ಗಣಿಗಳಿಂದ ಬರುತ್ತದೆ. ಗಾಜು ಕೈಗೆ ತಣ್ಣಗೆ, ಭಾರ. ಅಂಬರ್ ಹಗುರ, ಬೆಚ್ಚಗೆ. ದಟ್ಟ ಉಪ್ಪುನೀರಿನಲ್ಲಿ ತೇಲುತ್ತದೆ, ನೇರಳಾತೀತ ದೀಪದ ಕೆಳಗೆ ನೀಲಿ-ಹಸಿರು ಹೊಳೆಯುತ್ತದೆ. ಕೆಲವು ಪ್ಲಾಸ್ಟಿಕ್ಕೂ ತೇಲುತ್ತದೆಯಾದ್ದರಿಂದ ದೀಪದ ಪರೀಕ್ಷೆಯನ್ನೂ ಬಿಡಬೇಡಿ. ಪ್ರಾಮಾಣಿಕ ಅಂಗಡಿಯವರು ತಾವೇ ದೀಪ ಇಟ್ಟುಕೊಂಡಿರುತ್ತಾರೆ.

ಈಗ ಬೆಲೆಗಿಂತ ದೊಡ್ಡ ವಿಷಯ. ಹಸಿರು, ಜೇನು ಬಣ್ಣದ ಹೊಳಪು ಲೇಪದ ಮಣ್ಣಿನ ಗಡಿಗೆಗಳು ಮೆಕ್ಸಿಕೊದ ಎಲ್ಲ ಸಂತೆಯಲ್ಲೂ ಸಿಗುತ್ತವೆ. ನೋಡಿದ ತಕ್ಷಣ "ಇದರಲ್ಲಿ ಬಸ್ಸಾರು ಮಾಡಿದರೆ!" ಅನ್ನಿಸುತ್ತದೆ. ಮಾಡಬೇಡಿ. ಕಡಿಮೆ ಕಾವಿನಲ್ಲಿ ಸುಡುವ ಆ ಲೇಪದಲ್ಲಿ ಸಾಂಪ್ರದಾಯಿಕವಾಗಿ ಸೀಸದ ಆಕ್ಸೈಡ್ ಇರುತ್ತದೆ. ಹುಳಿ ತಾಗಿದಾಗ, ಕಾವು ಹತ್ತಿದಾಗ ಸೀಸ ಅಡುಗೆಗೆ ಇಳಿಯುತ್ತದೆ. ಹುಣಸೆಹಣ್ಣು, ಟೊಮೆಟೊ, ನಿಂಬೆ ಇಲ್ಲದ ಅಡುಗೆ ನಮ್ಮಲ್ಲಿ ಎಷ್ಟಿದೆ? ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಮರಳಿ ಸರಿಯಾಗುವಂಥದ್ದಲ್ಲ. ಮೆಕ್ಸಿಕೊ ಸರ್ಕಾರದ ನಿಯಮವಿದೆ, ಸೀಸವಿಲ್ಲದ ಲೇಪಕ್ಕೆ ಹೊರಳಿದ ಕುಂಬಾರರೂ ಇದ್ದಾರೆ. ಅವರ ಪಾತ್ರೆಯ ಮೇಲೆ "ಸಿನ್ ಪ್ಲೊಮೊ" ಅಥವಾ "ಲಿಬ್ರೆ ದೆ ಪ್ಲೊಮೊ" ಎಂದು ಬರೆದಿರುತ್ತದೆ. ಆ ಬರಹವನ್ನು ಅಂಟಿಸಿದವರು ಯಾರೆಂದು ಗೊತ್ತಿಲ್ಲದಿದ್ದರೆ ಗಡಿಗೆಯಲ್ಲಿ ಗಿಡ ಬೆಳೆಸಿ. ತೊಳೆದು, ಕುದಿಸಿ, ಗಂಜಿ ಹಾಕಿ ಪಳಗಿಸಿ ಸೀಸ ತೆಗೆಯಲಾಗುವುದಿಲ್ಲ.

ಕೊಳ್ಳಲೇಬಾರದ ಕೆಲವು ವಸ್ತುಗಳಿವೆ. ಪಾಳುಗುಡಿಗಳ ಬಳಿ ಯಾರಾದರೂ ಕರ್ಚೀಫು ಬಿಚ್ಚಿ "ಇದು ನಿಜವಾದ ಹಳೆಯದು, ಹೊಲದಲ್ಲಿ ಸಿಕ್ಕಿದ್ದು" ಎಂದು ಮಣ್ಣಿನ ತಲೆಯೊಂದನ್ನು ತೋರಿಸಿದರೆ ಕೈ ಜೋಡಿಸಿ ಮುಂದೆ ಹೋಗಿ. ಸುಳ್ಳಾದರೆ ದುಡ್ಡು ಹೋಯಿತು. ನಿಜವಾದರೆ ಇನ್ನೂ ಕಷ್ಟ: 1972ರ ಕಾನೂನಿನ ಪ್ರಕಾರ ಅಂಥ ವಸ್ತುಗಳು ರಾಷ್ಟ್ರದ ಆಸ್ತಿ, ದೇಶದ ಹೊರಗೆ ಒಯ್ಯುವುದು ಅಪರಾಧ. ಆಮೆಚಿಪ್ಪು, ಕರಿಹವಳದ ಒಡವೆಗಳೂ ವನ್ಯಜೀವಿ ಕಾನೂನಿನ ಕೈಗೆ ಸಿಕ್ಕಿಬೀಳುವಂಥವು.

ಚಿತ್ತಾರದ ಕಳ್ಳತನದ ಮಾತು ಮೆಕ್ಸಿಕೊದಲ್ಲಿ ಈಗ ರಾಜಕೀಯದ ವಿಷಯ. ಸಾಂತಾ ಮರೀಯಾ ತ್ಲಾಹುಯಿತೊಲ್ತೆಪೆಕ್ ಊರಿನ ಹೆಂಗಸರ ರವಿಕೆಯ ವಿನ್ಯಾಸ 2015ರಲ್ಲಿ ಫ್ರಾನ್ಸಿನ ಇಸಾಬೆಲ್ ಮರಾಂ ಬಟ್ಟೆಯಲ್ಲಿ ಕಾಣಿಸಿದಾಗ ವಹಾಕಾದ ಗಾಯಕಿ ಸುಸಾನಾ ಹಾರ್ಪ್ ಎತ್ತಿದ ದನಿ ದೊಡ್ಡ ಸುದ್ದಿಯಾಯಿತು. 2019ರ ಜೂನಿನಲ್ಲಿ ಸಂಸ್ಕೃತಿ ಸಚಿವೆ ಅಲೆಹಾಂದ್ರಾ ಫ್ರಾವುಸ್ತೊ ಕರೊಲಿನಾ ಎರೇರಾ ಸಂಸ್ಥೆಗೆ ಪತ್ರ ಬರೆದು, ತೆನಾಂಗೊ ದೆ ದೋರಿಯಾದ ಪ್ರಾಣಿಗಳ ಕಸೂತಿಯನ್ನು ಬಳಸಿದ್ದಕ್ಕೆ ವಿವರಣೆ ಕೇಳಿದರು. 2022ರ ಜನವರಿಯಲ್ಲಿ ಮೂಲನಿವಾಸಿ ಸಮುದಾಯಗಳ ಸಾಂಸ್ಕೃತಿಕ ಆಸ್ತಿಯನ್ನು ಕಾಯುವ ಕೇಂದ್ರ ಕಾನೂನು ಜಾರಿಗೆ ಬಂತು. 2025ರ ಆಗಸ್ಟಿನಲ್ಲಿ ಅಡಿಡಾಸ್ ಪ್ರತಿನಿಧಿಗಳು ಯಲಾಲಗ್ ಎಂಬ ಬೆಟ್ಟದೂರಿಗೇ ಹೋಗಿ, ಅಲ್ಲಿನ ಚರ್ಮದ ಚಪ್ಪಲಿಯ ನೇಯ್ಗೆಯನ್ನು ಹೋಲುವ ಪಾದರಕ್ಷೆ ತಂದದ್ದಕ್ಕೆ ಕ್ಷಮೆ ಕೇಳಿದರು. ಇಷ್ಟೆಲ್ಲ ಆದ ಮೇಲೂ ಸಂತೆಯಲ್ಲಿ ತೆನಾಂಗೊ ಕಸೂತಿಯ ಚಿತ್ರವನ್ನು ಅಚ್ಚು ಹಾಕಿದ ದಿಂಬುಹೊದಿಕೆ ಭರ್ಜರಿಯಾಗಿ ಮಾರಾಟವಾಗುತ್ತದೆ. ಕಸೂತಿಯೋ ಅಚ್ಚೋ ತಿಳಿಯಲು ಬಟ್ಟೆ ತಿರುಗಿಸಿ ನೋಡಿದರೆ ಸಾಕು. ದಾರವಿದ್ದರೆ ಹಿಂಬದಿಯಲ್ಲೂ ಕಾಣುತ್ತದೆ. ಇಳಕಲ್ಲಿನ ಕಸೂತಿ ಸೀರೆಯನ್ನು ತಿರುಗಿಸಿ ನೋಡುವ ಕಣ್ಣು ನಿಮಗಿದೆ.

ದುಡ್ಡಿನ ಬಗ್ಗೆ ಎರಡು ಮಾತು. ಮೆಕ್ಸಿಕೊದಲ್ಲಿ ಪೆಸೊಗೂ ಡಾಲರಿನದೇ ಚಿಹ್ನೆ. ಚೀಟಿಯಲ್ಲಿ $250 ಎಂದಿದ್ದರೆ ಗಾಬರಿಯಾಗಬೇಡಿ, ಅದು ಪೆಸೊ. ಡಾಲರು ಕೊಟ್ಟರೆ ಅವರು ಹೇಳಿದ್ದೇ ವಿನಿಮಯ ದರ. 2018ರಲ್ಲಿ ಬಂದ ನೀಲಿ 500ರ ನೋಟು ಹಳೆಯ 20ರ ನೋಟಿನ ಹಾಗೇ ಕಾಣುತ್ತದೆ, ಎರಡರ ಮೇಲೂ ಬೆನಿತೊ ಹುವಾರೆಸ್. ಸಂಜೆಗತ್ತಲಲ್ಲಿ ನೋಡಿಕೊಂಡು ಕೊಡಿ. ಬೆಳಿಗ್ಗೆ ಎಂಟಕ್ಕೆ 500ರ ನೋಟು ಚಾಚಿದರೆ ಯಾರ ಬಳಿಯೂ ಚಿಲ್ಲರೆ ಇರುವುದಿಲ್ಲ. ದಿನದ ಮೊದಲ ವ್ಯಾಪಾರದ ದುಡ್ಡಿನಿಂದ ಹಣೆಗೆ ಶಿಲುಬೆ ಗುರುತು ಮಾಡಿಕೊಳ್ಳುವ ಮುದುಕಿಯರನ್ನು ನೋಡುತ್ತೀರಿ. ನಮ್ಮ ಬೋಣಿಯೇ ಅದು. ಬೋಣಿಯ ಹೊತ್ತಿಗೆ ಹೋದವರಿಗೆ ಬೆಲೆ ತಾನಾಗಿ ಇಳಿಯುವುದೂ ನಮ್ಮಲ್ಲಿಯ ಹಾಗೇ. ಎರಡು ಮೂರು ವಸ್ತು ಒಬ್ಬರಲ್ಲೇ ಕೊಂಡರೆ ಕೊಸರಾಗಿ ಚಿಕ್ಕದೊಂದು ಕೈಗೆ ಬರುತ್ತದೆ, ಕೇಳಿದರೂ ತಪ್ಪಿಲ್ಲ. ಬೆಲೆ ಹೆಚ್ಚೆನಿಸಿದರೆ "ಎಸ್ ಲೊ ಮೆನೊಸ್?" (ಕಡಿಮೆಯೆಂದರೆ ಇಷ್ಟೇನಾ?) ಎಂದು ಒಮ್ಮೆ ಕೇಳಿ. ಇಳಿಸಿದರೆ ಸರಿ, ಇಲ್ಲವೆಂದರೆ "ಗ್ರಾಸಿಯಾಸ್" ಹೇಳಿ. ಅರ್ಧ ಬೆಲೆಗೆ ಕೇಳಿ, ಎದ್ದು ಹೋದಂತೆ ನಟಿಸಿ, ಮತ್ತೆ ಕರೆಸಿಕೊಳ್ಳುವ ನಾಟಕ ಮರುಮಾರಾಟದವನ ಬಳಿ ಆಡಿ.

ಚಿಯಾಪಾಸಿನ ಸಾನ್ ಕ್ರಿಸ್ತೊಬಾಲ್ ಊರಿನ ಸಾಂತೊ ದೊಮಿಂಗೊ ಚರ್ಚಿನ ಮುಂದಿನ ಸಂತೆಯಲ್ಲಿ ಕೈತುಂಬ ದಾರದ ಬಳೆ ಹಿಡಿದ ಐದಾರು ವರ್ಷದ ಮಕ್ಕಳು ನಿಮ್ಮ ಹಿಂದೆ ಬೀಳುತ್ತಾರೆ. ಮಗುವಿನಿಂದ ಕೊಂಡರೆ ಸಹಾಯವಾಯಿತೆಂದುಕೊಳ್ಳುವವರಿದ್ದಾರೆ. ಮಗು ಚೆನ್ನಾಗಿ ಮಾರಿದಷ್ಟೂ ಶಾಲೆ ದೂರವಾಗುತ್ತದೆ. ಅದೇ ಬಳೆಯನ್ನು ಪಕ್ಕದಲ್ಲಿ ಕುಳಿತ ತಾಯಿಯ ಕೈಯಿಂದ ಕೊಳ್ಳಿ. ಅದೇ ಚರ್ಚಿನ ಹಳೆಯ ಮಠದ ಕಟ್ಟಡದಲ್ಲಿ ಸ್ನಾ ಹೊಲೊಬಿಲ್ ಎಂಬ ನೇಕಾರ ಹೆಂಗಸರ ಸಹಕಾರ ಸಂಘದ ಮಳಿಗೆಯಿದೆ, ಸೊಂಟದ ಮಗ್ಗದಲ್ಲಿ ತಿಂಗಳುಗಟ್ಟಲೆ ನೇಯ್ದ ಹುಯಿಪಿಲ್ ಎಂಬ ಮೇಲಂಗಿಗಳು ಅಲ್ಲಿ ಸಿಗುತ್ತವೆ. ಸಂತೆಗೆ ಹೋಗುವ ಮುಂಚೆ ಅಲ್ಲಿಗೆ ಹೋಗಿ ಕಣ್ಣು ತಿದ್ದಿಕೊಳ್ಳುವುದು ಒಳ್ಳೆಯದು. ಮೆಕ್ಸಿಕೊ ನಗರದಲ್ಲಿ ಇದೇ ಕೆಲಸಕ್ಕೆ 1974ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಫೊನಾರ್ತ್‌ನ ಮಳಿಗೆ ಇದೆ. ಸಾನ್ ಕ್ರಿಸ್ತೊಬಾಲ್ ಪಕ್ಕದ ಚಾಮುಲಾ ಊರಿನ ಚರ್ಚಿನೊಳಗೆ ಫೋನು ಜೇಬಿನಲ್ಲಿರಲಿ, ಫೋಟೊ ಅಲ್ಲಿ ಖಂಡಿತ ನಿಷಿದ್ಧ. ಸಂತೆಯಲ್ಲಿ ಕೂಡ ಕೇಳದೆ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಕೊನೆಯದಾಗಿ ಒಂದು ವಿನಂತಿ. ಮುಂದಿನ ರಜೆಯಲ್ಲಿ ಒಂದು ದಿನವನ್ನು ಸಮುದ್ರದಂಡೆಯಿಂದ ಕಿತ್ತು ವಹಾಕಾದ ವಾರದ ಸಂತೆಗೆ ಕೊಡಿ: ಬುಧವಾರ ಎತ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಒಕೊತ್ಲಾನ್, ಭಾನುವಾರ ತ್ಲಾಕೊಲೂಲಾ. ತ್ಲಾಕೊಲೂಲಾ ಇವುಗಳಲ್ಲಿ ದೊಡ್ಡದು. ಹುರಿದ ಮಿಡತೆಯ ಬುಟ್ಟಿಗಳನ್ನು ದಾಟಿ ಹೋದರೆ ಸುತ್ತಲಿನ ಹಳ್ಳಿಗಳಿಂದ ಮಡಕೆ, ಜಮಖಾನೆ, ಬುಟ್ಟಿ ಹೊತ್ತು ತಂದವರು ತಾವೇ ಕುಳಿತಿರುತ್ತಾರೆ. ಬೆಳಿಗ್ಗೆಯೇ ಹೋಗಿ, ಚಿಲ್ಲರೆ ಇಟ್ಟುಕೊಂಡಿರಿ, ಮಾಡಿದವರ ಹೆಸರು ಕೇಳಿ ಬರೆದುಕೊಳ್ಳಿ. ಟೆಕ್ಸಾಸಿನ ಮನೆಯಲ್ಲಿ ಅತಿಥಿಗಳು ಗೋಡೆಯ ಜಮಖಾನೆ ನೋಡಿ ಕೇಳಿದಾಗ ಎಷ್ಟಕ್ಕೆ ತಂದಿರಿ ಎಂಬುದಕ್ಕೆ ಮೊದಲು ಆ ಹೆಸರನ್ನು ಹೇಳಿ.

ಇಂತಿ,
ಸಂತೆಗಳ ಒಬ್ಬ ಗಿರಾಕಿ